ಹನ್ನೆರಡನೆಯದು ನಾಳೆ

ನಾನಾಗಿ ಆರಿಸಿಕೊಂಡದ್ದಲ್ಲ.
ಕಂಪ್ಯೂಟರ್ ಪೇಪರಿನ ಸೀಟು ತುಂಬಿಹೋಗಿ
ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ
‘ಜೈನ ದರ್ಶನ ಖಾಲಿ ಇದೆ, ಬರಕೊಳ್ಳಲಾ?’ ಅಂದರು.
ಹೂಂ ಅಂದೆ. ಅಷ್ಟೇ ನನ್ನ ದೀಕ್ಷೆ.

ಬೆಳಿಗ್ಗೆ ಎಂಟಕ್ಕೆ ಕ್ಲಾಸು.
ಕುಕ್ಕರಹಳ್ಳಿ ಕೆರೆ ಸುತ್ತಿ ಬೆವರಿದವರು
ಎಳನೀರು ಕುಡಿಯುವ ಹೊತ್ತಿಗೆ
ಸುದತ್ತಯ್ಯ ಮೇಷ್ಟ್ರು ಹಾಜರಿ ಕೂಗುತ್ತಿದ್ದರು,
‘ಮೆಹರಾಜ್ ಬಾನು’ ಎಂಬಲ್ಲಿ
ಒಂದು ಚಣವೂ ತಡವರಿಸದೆ.
ಅದಕ್ಕೇ ಮೊದಲ ದಿನ ಹಿಡಿಸಿದರು.
ಎರಡನೆಯ ದಿನ ಹಿಡಿಸಲಿಲ್ಲ.

ಒಂದು ಸೂತ್ರ, ಮೂರು ಪದ, ಒಂದು ವಾರ.
ಸಂಧಿ ಬಿಡಿಸು, ಅರ್ಥ ಹೇಳು,
ಹೇಳಿದ ಅರ್ಥ ಯಾಕೆ ಸಾಲದು, ಅದನ್ನೂ ಹೇಳು.
ನಲವತ್ತೊಂದು ಜನ ಇದ್ದವರು
ದಸರಾ ರಜೆ ಮುಗಿದಾಗ ಒಂಬತ್ತು.
ಕಿರುಪರೀಕ್ಷೆಯಲ್ಲಿ ನನಗೂ ಒಂಬತ್ತು, ಇಪ್ಪತ್ತೈದಕ್ಕೆ.
ಪಕ್ಕದಲ್ಲಿ ಕೆಂಪು ಶಾಯಿ: ‘ಇನ್ನೂ ಓದಿಲ್ಲ.’

ಓದಿದ್ದೆ ಸಾರ್,
ಮಂಡಿ ಮೊಹಲ್ಲಾದ ಒಂದೇ ಬಲ್ಬಿನ ಕೆಳಗೆ
ಅಮ್ಮಿಯ ಪಕ್ಕ ಕೂತು, ರಾತ್ರಿ ಒಂದರ ತನಕ.

ಅಮ್ಮಿ ಊದುಬತ್ತಿ ಹೊಸೆಯುತ್ತಾಳೆ, ಸಾವಿರಕ್ಕೆ ಇಷ್ಟು ಅಂತ.
ಮಣೆ, ಕಡ್ಡಿ, ಕರಿಹಿಟ್ಟಿನ ಮುದ್ದೆ.
ಅಂಗೈ ಹೋಗುತ್ತೆ, ಬರುತ್ತೆ.
ನಾನು ಬಾಯಿಪಾಠ ಮಾಡುತ್ತಿದ್ದುದು ಇಪ್ಪತ್ತೆರಡು ಪರೀಷಹ,
ಮುನಿಯಾದವನು ದಾರಿ ಬಿಡದೆ ಸಹಿಸಬೇಕಾದವು:
ಹಸಿವು, ಬಾಯಾರಿಕೆ, ಚಳಿ, ಸೆಕೆ,
ಐದನೆಯದು ಸೊಳ್ಳೆ.
‘ಸೊಳ್ಳೆಯೂ ಇದೆಯಾ?’
ಅಮ್ಮಿ ನಕ್ಕಳು, ಲೆಕ್ಕ ತಪ್ಪಿದಳು,
ಮೊದಲಿನಿಂದ ಎಣಿಸಿದಳು.
‘ಹಾಗಾದರೆ ನಮ್ಮ ಮೋರಿ ಪಕ್ಕದವರೆಲ್ಲ ಅರ್ಧ ಮುನಿಗಳೇ.’

ಮಂಗಳವಾರ, ಪೇಪರ್ ಬದಲಾಯಿಸುವ ಅರ್ಜಿ ಹಿಡಿದು
ಅವರ ಕೋಣೆಗೆ ಹೋದೆ. ಸಹಿ ಬೇಕಿತ್ತು.
ಪೆನ್ನಿನ ಮುಚ್ಚಳ ತೆಗೆದು
‘ಹಾಕ್ತೀನಮ್ಮ. ಇಪ್ಪತ್ತೆರಡನ್ನೂ ಒಮ್ಮೆ ಹೇಳಿಬಿಡು’ ಅಂದರು.
ಬಿಟ್ಟು ಹೋಗುವವಳಿಗೆ ಯಾಕೆ ಪರೀಕ್ಷೆ?
ಹೇಳಿದೆ. ಹನ್ನೊಂದರಲ್ಲಿ, ಹಾಸಿಗೆಯ ಹತ್ತಿರ, ನಿಂತುಹೋದೆ.
ಫ್ಯಾನು ತಿರುಗುತ್ತಿತ್ತು. ಅವರು ಕಾದರು,
ಕಾಯುವುದು ಒಂದು ಕೆಲಸವೇ ಅಲ್ಲವೆಂಬಂತೆ.
ಆಮೇಲೆ ಮುಚ್ಚಳ ಹಾಕಿ,
‘ಹನ್ನೆರಡನೆಯದು ನಾಳೆ.’

ನಾಳೆ ಹೇಳಿದೆ: ಆಕ್ರೋಶ, ಜನರ ಬೈಗುಳ.
‘ಹದಿಮೂರು?’
ಅದಕ್ಕೆ ಇನ್ನೊಂದು ನಾಳೆ.
ಹೀಗೆ ಅರ್ಜಿ ಬ್ಯಾಗಿನಲ್ಲೇ ಉಳಿದು
ಟಿಫಿನ್ ಡಬ್ಬಿಯ ಸಾರು ಕುಡಿದು
ಮಡಿಕೆಯಲ್ಲಿ ಹರಿಯಿತು.
ಕೊನೆಯ ದಿನಾಂಕ ಯಾವತ್ತು ದಾಟಿತೋ
ನೋಡಿಕೊಳ್ಳಲಿಲ್ಲ.

ಛಲ ಅಂತ ಇದನ್ನು ಕರೆಯಲಾರೆ.
ಛಲಕ್ಕೆ ಹಲ್ಲು ಕಚ್ಚಬೇಕು. ನನಗೆ ನಿದ್ದೆ ಬರುತ್ತಿತ್ತು.
ಏಳೂ ಹತ್ತರ ಸಿಟಿ ಬಸ್ಸು, ಅದು ತಪ್ಪಿದರೆ ನಡಿಗೆ
(ಒಂಬತ್ತನೆಯದು: ನಡೆಯುವ ಕಷ್ಟ),
ಮತ್ತೆ ಅದೇ ಬೆಂಚು, ಅದೇ ಕೆಂಪು ಶಾಯಿ.
ಒಂಬತ್ತು, ಹನ್ನೊಂದು, ಹತ್ತು, ಹದಿನಾಲ್ಕು.
ಹತ್ತಕ್ಕೆ ಇಳಿದ ದಿನ ಅತ್ತದ್ದು
ಲೈಬ್ರರಿಯ ಹಿಂದೆ, ಸೈಕಲ್ ಸ್ಟ್ಯಾಂಡಿನಲ್ಲಿ,
ಯಾರದೋ ಸೀಟಿನ ಮೇಲೆ ಹಣೆ ಇಟ್ಟು.

ಮೌಖಿಕದಲ್ಲಿ ಕೇಳಿದ್ದು ಇಪ್ಪತ್ತೊಂದನೆಯದು,
ಅಜ್ಞಾನ ಪರೀಷಹ.
ಪುಸ್ತಕದ ವಾಕ್ಯ ನೆನಪಾಗಲಿಲ್ಲ.
ಬಾಯಿಗೆ ಬಂದದ್ದು ಹೇಳಿದೆ:
‘ಇಷ್ಟು ದಿನ ಓದಿದೆ, ಇನ್ನೂ ತಿಳಿಯಲಿಲ್ಲ
ಅನ್ನೋದಿದೆಯಲ್ಲ ಸಾರ್,
ಅದನ್ನು ಮಡಿಲಲ್ಲಿ ಇಟ್ಟುಕೊಂಡೇ
ಮರುದಿನವೂ ಬಂದು ಕೂರೋದು.’

ಮೇಷ್ಟ್ರು ಏನೂ ಬರೆಯಲಿಲ್ಲ. ಕಿಟಕಿ ನೋಡಿದರು.
‘ಇಪ್ಪತ್ತೆರಡು?’
ಇದೆಲ್ಲ ಯಾತಕ್ಕೆ ಎಂಬ ಸಂಶಯ.
ಅದನ್ನು ಮಾತ್ರ ನಾನು ಬಾಯಿಪಾಠ ಮಾಡಿರಲಿಲ್ಲ,
ಬೇಕಾಗಿರಲಿಲ್ಲ.

ಐವತ್ತಮೂರು ಬಂತು.
ಅಮ್ಮಿ ಕೈ ನಿಲ್ಲಿಸದೆ ಕೇಳಿದಳು, ‘ಸಾವಿರಕ್ಕಾ?’
ನೂರಕ್ಕೆ ಅಂದೆ.
ಓಹೋ ಅಂದಳು,
ಮಣೆ ಸರಿಸಿ ಪಕ್ಕದಲ್ಲಿ ಜಾಗ ಬಿಟ್ಟಳು.